ಪ್ಲೇಟ್‌ಲೆಟ್ ಚೀಲಕ್ಕೆ ಯಾವ ಬೆಳಕು? ಮೈಸೂರು, ಮಂಡ್ಯದ ರಕ್ತ ಕೇಂದ್ರಗಳಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ಡೆಂಗಿ ಕಾಲ ಶುರುವಾಯಿತೆಂದರೆ ರಕ್ತ ಕೇಂದ್ರದ ಫೋನಿಗೆ ಬಿಡುವಿರುವುದಿಲ್ಲ. ‘ಬಿಳಿ ರಕ್ತಕಣ ಇಳಿದುಬಿಟ್ಟಿದೆ, ಎರಡು ಚೀಲ ಬೇಕು’ ಎಂದು ಕೇಳುವವರಿಗೆ ನಿಜವಾಗಿ ಬೇಕಿರುವುದು ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಿರುಕಣ. ದಾನಿಯ ರಕ್ತದಿಂದ ಬೇರ್ಪಡಿಸುವ ಅಂಶಗಳಲ್ಲಿ ಸೋಂಕಿಗೆ ಬಲು ಬೇಗ ಒಳಗಾಗುವುದೂ ಅದೇ. ಕೆಂಪು ಕಣ 2ರಿಂದ 6 ಡಿಗ್ರಿಯಲ್ಲಿ ತಣ್ಣಗಿರುತ್ತದೆ. ಪ್ಲಾಸ್ಮಾ ಮೈನಸ್ 30 ಡಿಗ್ರಿಯಲ್ಲಿ ಕಲ್ಲಾಗಿರುತ್ತದೆ. ಪ್ಲೇಟ್‌ಲೆಟ್ ಮಾತ್ರ 20ರಿಂದ 24 ಡಿಗ್ರಿಯಲ್ಲಿ ಅಜಿಟೇಟರ್ ಮೇಲೆ ಅಲುಗುತ್ತ ಐದು ದಿನ ಇರಬೇಕು. ಸೂಜಿ ಚುಚ್ಚುವಾಗ ದಾನಿಯ ಚರ್ಮದಿಂದ ಒಳಗೆ ಹೋದ ಬೆರಳೆಣಿಕೆಯ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಆಗಲು ಈ ಐದು ದಿನ ಧಾರಾಳ ಸಾಕು.

ಈ ಚೀಲಕ್ಕೆ ಅತಿನೇರಳೆ (ಯುವಿ) ಬೆಳಕು ಹಾಯಿಸಿ ಒಳಗಿರುವ ವೈರಸ್, ಬ್ಯಾಕ್ಟೀರಿಯಾ, ಪರಾವಲಂಬಿಗಳನ್ನು ನಿಷ್ಕ್ರಿಯಗೊಳಿಸುವ ಯಂತ್ರಗಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಬಳಕೆಯಲ್ಲಿವೆ. ಇವುಗಳಲ್ಲಿ ಯಾವುದು ಒಳ್ಳೆಯದು, ನಮ್ಮ ಕಡೆಯ ಯಾವ ಕೇಂದ್ರಕ್ಕೆ ಯಾವುದು ಹೊಂದುತ್ತದೆ, ಯಾರು ಇವುಗಳ ಗೋಜಿಗೇ ಹೋಗಬಾರದು ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದೆ. ನಮ್ಮ ಅಭಿಪ್ರಾಯ ಮೊದಲೇ ತಿಳಿದಿರಲಿ: ಪ್ಲೇಟ್‌ಲೆಟ್ಟಿಗೆ ಇದು ನಿಜಕ್ಕೂ ಬೆಲೆಬಾಳುವ ರಕ್ಷಣೆ. ಆದರೆ ಇಂಥ ಯಂತ್ರ ಮೈಸೂರಿನಲ್ಲಿ ಒಂದು ದೊಡ್ಡ ಕೇಂದ್ರದಲ್ಲಿದ್ದು ಸುತ್ತಲಿನವರಿಗೆ ಚೀಲ ಕಳಿಸಿದರೆ ಫಲ ಕೊಡುತ್ತದೆ. ಪ್ರತಿ ಕೇಂದ್ರವೂ ಒಂದೊಂದು ಕೊಂಡು ಮೂಲೆಯಲ್ಲಿಟ್ಟರೆ ದಂಡ.

ಕೆಂಪು ಕಣಕ್ಕೆ ಈ ಬೆಳಕು ಯಾಕೆ ತಾಗದು

ಖರೀದಿ ಸಮಿತಿಯ ಮುಂದೆ ಮೊದಲು ಇಡಬೇಕಾದ ಮಾತು ಇದು. ಹಿಮೋಗ್ಲೋಬಿನ್ ಅತಿನೇರಳೆ ಬೆಳಕನ್ನು ಹೀರಿಬಿಡುತ್ತದೆ. ಕೆಂಪು ಕಣದ ಚೀಲಕ್ಕೆ ಬೆಳಕು ಬಿಟ್ಟರೆ ಮೇಲ್ಪದರ ದಾಟಿ ಒಳಗೆ ಇಳಿಯುವುದೇ ಇಲ್ಲ. ಆದ್ದರಿಂದ ಮಾರುಕಟ್ಟೆಯಲ್ಲಿರುವ ಯುವಿ ವಿಧಾನಗಳು ಪ್ಲೇಟ್‌ಲೆಟ್ ಮತ್ತು ಪ್ಲಾಸ್ಮಾಕ್ಕೆ ಸೀಮಿತ. ಎಚ್.ಡಿ. ಕೋಟೆಯ ಹಾಡಿಗಳಿಂದ, ಚಾಮರಾಜನಗರದ ಕಡೆಯಿಂದ ಬರುವ ಸಿಕಲ್ ಸೆಲ್ ರೋಗಿಗಳಿಗೆ, ತಲಸ್ಸೇಮಿಯಾ ಮಕ್ಕಳಿಗೆ, ಹೆರಿಗೆಯಲ್ಲಿ ರಕ್ತ ಹರಿದ ತಾಯಂದಿರಿಗೆ ಕೊಡುವುದು ಕೆಂಪು ಕಣ. ಅವರ ಚೀಲ ಸುರಕ್ಷಿತವಾಗಲು ದಾನಿಯ ಆಯ್ಕೆ, ಪರೀಕ್ಷೆ, ಬಿಳಿ ಕಣ ತೆಗೆಯುವ ಫಿಲ್ಟರ್ ಇವೇ ಗತಿ.

ಒಂದು ಅಪವಾದ ಇದೆ. ಇಡೀ ರಕ್ತಕ್ಕೆ ರೈಬೋಫ್ಲೇವಿನ್ ಬೆರೆಸಿ, ಕೆಂಪು ಕಣದ ಪ್ರತಿ ಮಿಲಿ ಲೀಟರಿಗೆ 80 ಜೌಲ್‌ನಷ್ಟು ಭಾರೀ ಪ್ರಮಾಣದ ಯುವಿ ಕೊಡುವ ವಿಧಾನವನ್ನು ಆಫ್ರಿಕಾದ ಘಾನಾದಲ್ಲಿ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಲೇರಿಯಾ ಪರಾವಲಂಬಿ ಇದ್ದ ರಕ್ತ ಪಡೆದವರಲ್ಲಿ, ಸಂಸ್ಕರಿಸದ ಚೀಲದವರ ಪೈಕಿ ಶೇ 22 ಮಂದಿಗೆ, ಸಂಸ್ಕರಿಸಿದ ಚೀಲದವರ ಪೈಕಿ ಶೇ 4 ಮಂದಿಗೆ ಮಲೇರಿಯಾ ದಾಟಿತು. ಇಡೀ ರಕ್ತವನ್ನೇ ಏರಿಸುವ, ಮಲೇರಿಯಾ ಮನೆಮನೆಯಲ್ಲಿರುವ ನಾಡಿಗೆ ಅದು ದೊಡ್ಡ ವಿಷಯ. ರಕ್ತವನ್ನು ಅಂಶಗಳಾಗಿ ಬೇರ್ಪಡಿಸುವ ನಮ್ಮ ಕೇಂದ್ರಗಳಿಗೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಅಷ್ಟು ಬೆಳಕು ತಿಂದ ಕೆಂಪು ಕಣ ಬೇಗ ಒಡೆಯುತ್ತದೆ, ಚೀಲದ ಆಯುಷ್ಯವೂ ಕಡಿಮೆಯಾಗುತ್ತದೆ. ಕೆಂಪು ಕಣಕ್ಕೆಂದೇ ಅಮುಸ್ಟಾಲಿನ್ ಎಂಬ ರಾಸಾಯನಿಕದ ಮೇಲೆ ಪ್ರಯೋಗಗಳು ನಡೆದಿವೆ. ಅದರಲ್ಲಿ ಬೆಳಕಿನ ಪಾತ್ರವೇ ಇಲ್ಲ.

ಇನ್ನೊಂದು ಎಚ್ಚರಿಕೆ. ಲ್ಯಾಮಿನಾರ್ ಫ್ಲೋ (ಸೋಸಿದ ಗಾಳಿ ಹಾಯುವ ಕೆಲಸದ ಪೆಟ್ಟಿಗೆ) ಒಳಗಿನ ಯುವಿ ಟ್ಯೂಬ್‌ಲೈಟಿನ ಕೆಳಗೆ ರಕ್ತದ ಬ್ಯಾಗ್ ಇಟ್ಟರೆ ಆಗುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಆಗುವುದಿಲ್ಲ. ಮಾಮೂಲಿ ಪಿವಿಸಿ ಬ್ಯಾಗು 254 ನ್ಯಾನೊಮೀಟರ್ ಬೆಳಕನ್ನು ತಾನೇ ತಡೆದುಬಿಡುತ್ತದೆ. ತಡೆಯದಿದ್ದರೂ ಚೀಲದ ನಡುವಿನ ಹನಿಗೆ ಎಷ್ಟು ಬೆಳಕು ಮುಟ್ಟಿತೆಂದು ಅಳೆಯುವ ದಾರಿ ಇಲ್ಲ. 1950ರ ದಶಕದ ಆರಂಭದಲ್ಲಿ, ಕೊರಿಯಾ ಯುದ್ಧದ ಹೊತ್ತಿನಲ್ಲಿ, ಯುವಿ ಹಾಯಿಸಿದ ಪ್ಲಾಸ್ಮಾವನ್ನು ನಂಬಿ ಸೈನಿಕರಿಗೆ ಕೊಟ್ಟರು. ಆ ಪ್ಲಾಸ್ಮಾದಿಂದಲೇ ಅವರಲ್ಲಿ ಕಾಮಾಲೆ ಹರಡಿತು. ಬೆಳಕು ಹಾಯಿಸುವುದು ಬೇರೆ, ಚೀಲದ ಪ್ರತಿ ಹನಿಗೂ ಲೆಕ್ಕದ ಬೆಳಕು ಮುಟ್ಟಿಸುವುದು ಬೇರೆ. ಈಗಿನ ಯಂತ್ರಗಳ ಬೆಲೆ ಇರುವುದು ಈ ಎರಡನೆಯ ಕೆಲಸದಲ್ಲಿ.

ಮೂರು ವಿಧಾನ, ಮೂರು ಬೆಳಕು

ಮೂರಕ್ಕೂ ತತ್ವ ಒಂದೇ. ಪ್ಲೇಟ್‌ಲೆಟ್ಟಿಗೆ ಕೋಶಕೇಂದ್ರ ಇಲ್ಲ. ಅದು ಡಿಎನ್‌ಎ ನಕಲು ಮಾಡಿಕೊಂಡು ಬದುಕುವ ಜೀವವಲ್ಲ. ವೈರಸ್ಸಿಗೂ ಬ್ಯಾಕ್ಟೀರಿಯಾಕ್ಕೂ ಡಿಎನ್‌ಎ ಅಥವಾ ಆರ್‌ಎನ್‌ಎ ನಕಲಾಗದೆ ಸಂತಾನ ಇಲ್ಲ. ಆ ಎಳೆಯನ್ನು ಕೆಡಿಸಿದರೆ ಅವು ಹೆಚ್ಚಲಾರವು, ಪ್ಲೇಟ್‌ಲೆಟ್ ತನ್ನ ಕೆಲಸ ಮಾಡಿಕೊಂಡಿರುತ್ತದೆ.

ಅಮೋಟೊಸಾಲೆನ್ ಮತ್ತು ಯುವಿ-ಎ. ಇದು ಸೀರಸ್ ಕಂಪನಿಯ ಇಂಟರ್‌ಸೆಪ್ಟ್. ಅಮೋಟೊಸಾಲೆನ್ ಎಂಬುದು ಸೋರಾಲೆನ್ ಜಾತಿಯ ವಸ್ತು. ತೊನ್ನಿನ ಚಿಕಿತ್ಸೆಯಲ್ಲಿ ಬಳಸುವ ಸೋರಾಲೆನ್ನಿನ ಸಂಬಂಧಿ. ಡಿಎನ್‌ಎಯ ಎರಡು ಎಳೆಗಳ ನಡುವೆ ಅದು ನುಸುಳಿ ಕೂರುತ್ತದೆ. 320ರಿಂದ 400 ನ್ಯಾನೊಮೀಟರ್ ಬೆಳಕು, ಚದರ ಸೆಂಟಿಮೀಟರಿಗೆ 3 ಜೌಲ್‌ನಷ್ಟು ಬಿದ್ದಾಗ ಎರಡೂ ಎಳೆಗಳನ್ನು ಹೊಲಿದುಬಿಡುತ್ತದೆ. ಹಲ್ಲುಗಳಿಗೆ ಅಂಟು ಮೆತ್ತಿದ ಜಿಪ್ಪಿನಂತೆ ಅದು ಮತ್ತೆ ತೆರೆಯದು.

ಕಿಟ್ಟು ಬಿಚ್ಚಿದರೆ ಒಂದೇ ಟ್ಯೂಬಿನಲ್ಲಿ ಪೋಣಿಸಿದ ಬ್ಯಾಗುಗಳು: ಅಮೋಟೊಸಾಲೆನ್ ಇರುವ ಚಿಕ್ಕದು, ಬೆಳಕಿಗೆ ಇಡುವ ಚಪ್ಪಟೆಯದು, ಉಳಿದ ರಾಸಾಯನಿಕ ಹೀರುವ ಬಿಲ್ಲೆ ಇರುವುದು, ಕೊನೆಗೆ ಶೇಖರಣೆಯದು. ಪ್ಲೇಟ್‌ಲೆಟ್ ಚೀಲವನ್ನು ಸ್ಟೆರೈಲ್ ಕನೆಕ್ಟಿಂಗ್ ಡಿವೈಸಿನಿಂದ (ಹೊರಗಿನ ಗಾಳಿ ತಾಗದಂತೆ ಟ್ಯೂಬುಗಳನ್ನು ಬೆಸೆಯುವ ಯಂತ್ರ) ಈ ಸರಕ್ಕೆ ಬೆಸೆದು ಮೇಲೆ ತೂಗುಹಾಕಬೇಕು. ದ್ರವ ಅಮೋಟೊಸಾಲೆನ್ ಬ್ಯಾಗಿನ ಮೂಲಕ ಹಾದು ಚಪ್ಪಟೆ ಬ್ಯಾಗಿಗೆ ಇಳಿಯುತ್ತದೆ. ಗಾಳಿ ಹೊರಗೆ ಹಾಕಿ, ಚೆನ್ನಾಗಿ ಬೆರೆಸಿ, ಟ್ಯೂಬ್ ಸೀಲ್ ಮಾಡಿ ಯಂತ್ರದ ತಟ್ಟೆಯಲ್ಲಿಟ್ಟರೆ ಬೆಳಕಿನ ಹಂತ 4ರಿಂದ 6 ನಿಮಿಷದಲ್ಲಿ ಮುಗಿಯುತ್ತದೆ. ಹೊತ್ತು ಹಿಡಿಯುವುದು ಆಮೇಲೆ. ಹೀರುವ ಬ್ಯಾಗಿಗೆ ವರ್ಗಾಯಿಸಿ, ಕಿಟ್ಟಿನ ಮಾದರಿಗೆ ತಕ್ಕಂತೆ ಕನಿಷ್ಠ 4ರಿಂದ 6 ಗಂಟೆ ಅಜಿಟೇಟರ್ ಮೇಲೆ ಬಿಡಬೇಕು. ಸುಮಾರು 150 ಮೈಕ್ರೊಮೋಲಾರ್ ಇದ್ದ ಅಮೋಟೊಸಾಲೆನ್ ಆಗ 2ಕ್ಕಿಂತ ಕೆಳಗೆ ಇಳಿಯುತ್ತದೆ. ಬೆಳಗ್ಗೆ ತೆಗೆದ ಎಸ್‌ಡಿಪಿ (ಒಬ್ಬನೇ ದಾನಿಯಿಂದ ಯಂತ್ರದಲ್ಲಿ ತೆಗೆದ ಪ್ಲೇಟ್‌ಲೆಟ್) ಸಂಜೆಗೋ ಮರುದಿನಕ್ಕೋ ಕೈಗೆ ಬರುತ್ತದೆ.

ಯುರೋಪಿನಲ್ಲಿ ಇದಕ್ಕೆ 2002ರಲ್ಲಿ, ಅಮೆರಿಕದಲ್ಲಿ 2014ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಸ್ವಿಟ್ಜರ್ಲೆಂಡ್ 2011ರಿಂದ, ಫ್ರಾನ್ಸ್ 2017ರಿಂದ ದೇಶದ ಎಲ್ಲ ಪ್ಲೇಟ್‌ಲೆಟ್ಟಿಗೂ ಇದನ್ನೇ ಬಳಸುತ್ತಿವೆ. ನಮಗೆ ಹತ್ತಿರದ ಉದಾಹರಣೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ್ದು. 2005–06ರಲ್ಲಿ ಚಿಕೂನ್‌ಗುನ್ಯ ಇಡೀ ದ್ವೀಪವನ್ನು ಹಿಡಿದಾಗ ಅಲ್ಲಿ ರಕ್ತ ಸಂಗ್ರಹವನ್ನೇ ನಿಲ್ಲಿಸಬೇಕಾಯಿತು; ಪ್ಲೇಟ್‌ಲೆಟ್ಟನ್ನು ಮಾತ್ರ ಈ ವಿಧಾನದಲ್ಲಿ ಸಂಸ್ಕರಿಸಿ ಸ್ಥಳೀಯ ದಾನಿಗಳಿಂದಲೇ ಪಡೆದರು. ಡೆಂಗಿ, ಚಿಕೂನ್‌ಗುನ್ಯ ಬಂದು ವಾಸಿಯಾದವರನ್ನು ನಮ್ಮಲ್ಲಿ 6 ತಿಂಗಳು ದಾನದಿಂದ ದೂರವಿಡುತ್ತೇವೆ. ಆದರೆ ಡೆಂಗಿ ತಗುಲಿಯೂ ಜ್ವರವೇ ಕಾಣದೆ ಶಿಬಿರಕ್ಕೆ ಬಂದು ಕೈ ಚಾಚುವ ದಾನಿಯನ್ನು ಯಾವ ಪ್ರಶ್ನಾವಳಿಯೂ ಹಿಡಿಯದು. ಅಲ್ಲಿ ಈ ವಿಧಾನ ನೆರವಾಗುತ್ತದೆ.

ರೈಬೋಫ್ಲೇವಿನ್ ಮತ್ತು ಯುವಿ. ಇದು ಟೆರುಮೊ ಕಂಪನಿಯ ಮಿರಾಸೋಲ್. ರೈಬೋಫ್ಲೇವಿನ್ ಅಂದರೆ ವಿಟಮಿನ್ ಬಿ2. 170ರಿಂದ 360 ಮಿಲಿ ಲೀಟರ್ ಪ್ಲೇಟ್‌ಲೆಟ್ಟಿಗೆ 35 ಮಿಲಿ ಲೀಟರ್ ದ್ರಾವಣ ಬೆರೆಸಿದಾಗ ಚೀಲ ದಟ್ಟ ಅರಿಶಿನ ಬಣ್ಣಕ್ಕೆ ತಿರುಗುತ್ತದೆ. ಯಂತ್ರ ಅದನ್ನು ಅಲುಗಾಡಿಸುತ್ತ ಮಿಲಿ ಲೀಟರಿಗೆ 6.24 ಜೌಲ್ ಬೆಳಕು ಕೊಡುತ್ತದೆ. ಪರಿಮಾಣ ನೋಡಿಕೊಂಡು ಸಮಯವನ್ನು ತಾನೇ ಲೆಕ್ಕ ಹಾಕುತ್ತದೆ, ಸಾಮಾನ್ಯವಾಗಿ 10 ನಿಮಿಷದೊಳಗೆ ಮುಗಿಯುತ್ತದೆ. ವಿಟಮಿನ್ನನ್ನು ಹೊರತೆಗೆಯಬೇಕಿಲ್ಲ, ಚೀಲವನ್ನು ಅಂದೇ ಕೊಡಬಹುದು. ಡೆಂಗಿ ಕಾಲದ ಅವಸರಕ್ಕೆ ಇದು ದೊಡ್ಡ ಅನುಕೂಲ. ಪೂರ್ತಿ ಪ್ಲಾಸ್ಮಾದಲ್ಲಿರುವ ಪ್ಲೇಟ್‌ಲೆಟ್ಟನ್ನೇ ತೆಗೆದುಕೊಳ್ಳುವುದರಿಂದ ಪ್ಲಾಸ್ಮಾದ ಬದಲು ಬೆರೆಸುವ ಸೇರ್ಪಡೆ ದ್ರಾವಣದ ಖರ್ಚೂ ಉಳಿಯುತ್ತದೆ.

ಆದರೆ ಹೊಡೆತ ಹಗುರ. ಹಲವು ರೋಗಾಣುಗಳ ಮೇಲೆ, ಅದರಲ್ಲೂ ಬ್ಯಾಕ್ಟೀರಿಯಾ ಹೆಚ್ಚಿರುವ ಚೀಲದಲ್ಲಿ, ಇದು ಅಮೋಟೊಸಾಲೆನ್ನಿನಷ್ಟು ಬಲವಾಗಿಲ್ಲ. ಪ್ಲೇಟ್‌ಲೆಟ್ಟಿನ ಮೇಲಿನ ಪರಿಣಾಮದ ಬಗ್ಗೆಯೂ ಎಚ್ಚರ ಬೇಕು. ನೆದರ್‌ಲೆಂಡ್ಸ್, ಕೆನಡಾ, ನಾರ್ವೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನಿಯಮದಂತೆಯೇ ಚೀಲ ಪಡೆದವರನ್ನಷ್ಟೇ ಲೆಕ್ಕಕ್ಕೆ ಹಿಡಿದಾಗ, ಗಮನಿಸಬೇಕಾದ ರಕ್ತಸ್ರಾವ ಮಾಮೂಲಿ ಚೀಲದವರಲ್ಲಿ ಶೇ 44, ಸಂಸ್ಕರಿಸಿದ ಚೀಲದವರಲ್ಲಿ ಶೇ 52 ಇತ್ತು.

ಬರಿಯ ಯುವಿ-ಸಿ. ಇದು ಮಾಕೊಫಾರ್ಮಾ ಕಂಪನಿಯ ಥೆರಾಫ್ಲೆಕ್ಸ್. ರಾಸಾಯನಿಕ ಯಾವುದೂ ಇಲ್ಲ, 254 ನ್ಯಾನೊಮೀಟರ್ ಬೆಳಕು ಚದರ ಸೆಂಟಿಮೀಟರಿಗೆ 0.2 ಜೌಲ್, ಒಂದು ನಿಮಿಷದೊಳಗೆ ಕೆಲಸ ಮುಗಿಯುತ್ತದೆ. ಈ ಬೆಳಕು ದ್ರವದೊಳಗೆ ಆಳಕ್ಕೆ ಇಳಿಯದು. ಹಾಗಾಗಿ ಯುವಿ ದಾಟಬಲ್ಲ ಬೇರೆ ಪ್ಲಾಸ್ಟಿಕ್ಕಿನ ಅಗಲ ಬ್ಯಾಗು, ಪ್ಲಾಸ್ಮಾ ಸುಮಾರು ಶೇ 35ಕ್ಕೆ ಇಳಿಸುವ ಸೇರ್ಪಡೆ ದ್ರಾವಣ, ಜೋರಾದ ಅಲುಗಾಟ ಮೂರೂ ಇರಲೇಬೇಕು. ಕೇಳಲು ಸರಳ, ಆದರೆ ಎಚ್‌ಐವಿ ಮೇಲೆ ಈ ಬೆಳಕು ಹೆಚ್ಚೇನೂ ಮಾಡದು. ಜರ್ಮನಿಯಲ್ಲಿ ನಡೆದ ಮೂರನೇ ಹಂತದ ಪರೀಕ್ಷೆಯಲ್ಲಿ, ಚೀಲ ಏರಿಸಿದ ಒಂದು ಗಂಟೆಗೆ ರೋಗಿಯ ಪ್ಲೇಟ್‌ಲೆಟ್ ಎಣಿಕೆ ಎಷ್ಟು ಏರಿತೆಂಬ ಅಳತೆಯಲ್ಲಿ, ಮಾಮೂಲಿ ಚೀಲಕ್ಕೆ ಸಮ ಎಂದು ಸಾಬೀತು ಮಾಡಲು ಇದಕ್ಕೆ ಆಗಲಿಲ್ಲ. ನಮ್ಮ ಕಡೆಯ ಯಾವ ಕೇಂದ್ರವೂ ಇವತ್ತು ಇದನ್ನು ಮೊದಲ ಆಯ್ಕೆ ಮಾಡಿಕೊಳ್ಳಲು ಕಾರಣ ಕಾಣುವುದಿಲ್ಲ.

ಪ್ಲಾಸ್ಮಾದ ಬಗ್ಗೆ ಎರಡು ಮಾತು ಸಾಕು. ಅಮೋಟೊಸಾಲೆನ್ ವಿಧಾನದಲ್ಲಿ 385ರಿಂದ 650 ಮಿಲಿ ಲೀಟರ್ ಪ್ಲಾಸ್ಮಾ ಒಟ್ಟಿಗೆ ಸಂಸ್ಕರಿಸಬಹುದು. ಅಂದರೆ ಎರಡು ಮೂರು ದಾನಿಗಳದ್ದನ್ನು ಸೇರಿಸಬೇಕು. ಮೆಥಿಲೀನ್ ಬ್ಲೂ ವಿಧಾನ ಒಂದೊಂದೇ ಚೀಲಕ್ಕೆ, ಅದರ ಬೆಳಕು ಯುವಿ ಅಲ್ಲ, ಕೆಂಪು. ಅಲರ್ಜಿಯ ದೂರುಗಳಿಂದಾಗಿ ಫ್ರಾನ್ಸ್ ಅದನ್ನು 2012ರಲ್ಲಿ ನಿಲ್ಲಿಸಿತು. ಎರಡರಲ್ಲೂ ಫೈಬ್ರಿನೋಜನ್ (ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನು) ಒಂದಿಷ್ಟು ಕಳೆಯುತ್ತದೆ. ಪ್ಲಾಸ್ಮಾಕ್ಕೆಂದೇ ಯಂತ್ರ ಕೊಳ್ಳಬೇಡಿ.

ಬೆಳಕಿಗೂ ಬಗ್ಗದವರು

ಕಂಪನಿಯವರು ‘ಲಾಗ್’ ಲೆಕ್ಕದಲ್ಲಿ ಮಾತಾಡುತ್ತಾರೆ. 1 ಲಾಗ್ ಅಂದರೆ ಹತ್ತರಲ್ಲಿ ಒಂದು ಉಳಿಯಿತು, 4 ಲಾಗ್ ಅಂದರೆ ಹತ್ತು ಸಾವಿರದಲ್ಲಿ ಒಂದು, 6 ಲಾಗ್ ಅಂದರೆ ಹತ್ತು ಲಕ್ಷದಲ್ಲಿ ಒಂದು. ಆರು ಲಾಗ್ ಎಂದ ಕೂಡಲೇ ಸಮಾಧಾನವಾಗುವುದು ಸಹಜ. ಆದರೆ ಹೆಪಟೈಟಿಸ್ ಬಿ ಜೋರಾಗಿರುವ ದಾನಿಯ ಒಂದೇ ಮಿಲಿ ಲೀಟರಿನಲ್ಲಿ ಹತ್ತು ಕೋಟಿ ವೈರಸ್ ಇರಬಹುದು; ಹತ್ತು ಲಕ್ಷದಿಂದ ಭಾಗಿಸಿ ನೋಡಿ, ನೂರು ಉಳಿಯುತ್ತವೆ. ಆದ್ದರಿಂದ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಎಂಬ ಐದು ಕಡ್ಡಾಯ ಪರೀಕ್ಷೆಗಳಲ್ಲಿ ಒಂದನ್ನೂ ಈ ಯಂತ್ರ ಬದಲಿಸುವುದಿಲ್ಲ. ಪರೀಕ್ಷೆಯ ಕಣ್ಣು ತಪ್ಪಿಸುವ ಅಲ್ಪ ಪ್ರಮಾಣದ ಸೋಂಕನ್ನು ಹಿಡಿಯುವುದಷ್ಟೇ ಇದರ ಕೆಲಸ.

ಹೊರಗೆ ಕೊಬ್ಬಿನ ಪೊರೆ ಇಲ್ಲದ ಹೆಪಟೈಟಿಸ್ ಎ, ಹೆಪಟೈಟಿಸ್ ಇ ವೈರಸ್‌ಗಳು ಅಮೋಟೊಸಾಲೆನ್ನಿಗೂ ಬಗ್ಗುವುದಿಲ್ಲ. ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಬೀಜಕದ ರೂಪದಲ್ಲಿದ್ದರೆ ಬೆಳಕನ್ನು ತಾಳಿಕೊಂಡು ಆಮೇಲೆ ಮೊಳೆಯುತ್ತವೆ. ಬ್ಯಾಕ್ಟೀರಿಯಾ ಆಗಲೇ ಹೆಚ್ಚಿ ವಿಷ ಬಿಟ್ಟಿದ್ದರೆ, ಬೆಳಕು ಬ್ಯಾಕ್ಟೀರಿಯಾವನ್ನು ಕೊಲ್ಲಬಹುದು, ವಿಷ ಅಲ್ಲೇ ಉಳಿಯುತ್ತದೆ. ಸಂಗ್ರಹವಾದ 24 ಗಂಟೆಯೊಳಗೆ ಸಂಸ್ಕರಿಸಬೇಕು ಎನ್ನುವುದು ಇದೇ ಕಾರಣಕ್ಕೆ.

ಬೆಳಕು ಬೇಡವೆಂದರೆ

ಯುವಿಗೆ ಹೋಲಿಸಿ ನೋಡಬೇಕಾದ ಉಳಿದ ದಾರಿಗಳಿವೆ. ಎಷ್ಟೋ ಕೇಂದ್ರಗಳಿಗೆ ಇವೇ ಮೊದಲು.

ಅತಿ ಅಗ್ಗದ್ದು ಡೈವರ್ಷನ್ ಪೌಚ್ ಇರುವ ರಕ್ತದ ಬ್ಯಾಗು. ಸೂಜಿ ಚುಚ್ಚಿದಾಗ ಕಿತ್ತು ಬರುವ ಚರ್ಮದ ಚೂರು, ಅದಕ್ಕೆ ಅಂಟಿದ ಬ್ಯಾಕ್ಟೀರಿಯಾ ಎರಡೂ ಮೊದಲ 30 ಮಿಲಿ ಲೀಟರಿನಲ್ಲಿ ಹೆಚ್ಚಾಗಿ ಇರುತ್ತವೆ. ಅಷ್ಟನ್ನು ಪಕ್ಕದ ಚಿಕ್ಕ ಚೀಲಕ್ಕೆ ತಿರುಗಿಸಿ, ಪರೀಕ್ಷೆಯ ಟ್ಯೂಬುಗಳನ್ನೂ ಅದರಿಂದಲೇ ತುಂಬಿಸಿದರೆ ರಕ್ತವೂ ಪೋಲಾಗದು. ಅದರ ಜೊತೆಗೆ ಆಲ್ಕೋಹಾಲಿನಲ್ಲಿ ಶೇ 2 ಕ್ಲೋರ್‌ಹೆಕ್ಸಿಡಿನ್‌ನಿಂದ 30 ಸೆಕೆಂಡು ಉಜ್ಜಿ, 30 ಸೆಕೆಂಡು ಒಣಗಲು ಬಿಡಬೇಕು. ಕಾಲೇಜು ಶಿಬಿರದಲ್ಲಿ ಸಾಲು ಬೆಳೆದಾಗ ಮೊದಲು ಬಲಿಯಾಗುವುದು ಈ ಒಣಗುವ 30 ಸೆಕೆಂಡು. ಒರೆಸಿದ ಮೇಲೆ ನರ ಸಿಗಲಿಲ್ಲವೆಂದು ಮತ್ತೆ ಬೆರಳಿಟ್ಟು ಒತ್ತಿ ನೋಡಿದರೆ ಮಾಡಿದ್ದೆಲ್ಲ ನೀರುಪಾಲು.

ನ್ಯಾಟ್, ಅಂದರೆ ರೋಗಾಣುವಿನ ಡಿಎನ್‌ಎ, ಆರ್‌ಎನ್‌ಎಯನ್ನೇ ನೇರ ಹುಡುಕುವ ಪರೀಕ್ಷೆ, ವೈರಸ್ಸಿಗೆ. ಹೆಪಟೈಟಿಸ್ ಸಿ ಪ್ರತಿಕಾಯ ಕಾಣಿಸಿಕೊಳ್ಳಲು ಸುಮಾರು ಎರಡು ತಿಂಗಳು ಬೇಕು, ನ್ಯಾಟ್ ಅದನ್ನು ವಾರದ ಆಸುಪಾಸಿನಲ್ಲಿ ಹಿಡಿಯುತ್ತದೆ. ಎಚ್‌ಐವಿಯಲ್ಲಿ ಎರಡು ಮೂರು ವಾರದ ಕತ್ತಲು ಸುಮಾರು ಹತ್ತು ದಿನಕ್ಕೆ ಇಳಿಯುತ್ತದೆ. ನ್ಯಾಟ್‌ನ ನಿಜವಾದ ಬಲ ಬೇರೆಯದು: ಒಬ್ಬ ದಾನಿಯ ಮಾದರಿಗೆ ಮಾಡಿದ ಪರೀಕ್ಷೆ ಆತನ ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಮೂರನ್ನೂ ಕಾಯುತ್ತದೆ. ಯುವಿ ಕೆಂಪು ಕಣವನ್ನು ಬಿಟ್ಟುಬಿಡುತ್ತದೆ. ಈ ಎರಡರಲ್ಲಿ ಒಂದಕ್ಕೇ ಹಣ ಇದ್ದರೆ ನ್ಯಾಟ್‌ಗೆ ಕೊಡಿ. ಮಾದರಿಗಳನ್ನು ದೊಡ್ಡ ಕೇಂದ್ರಕ್ಕೆ ಕಳಿಸಿ ಮಾಡಿಸಿದರೂ ಆದೀತು. ಆದರೆ ಬ್ಯಾಕ್ಟೀರಿಯಾ ಅದರ ಕಣ್ಣಿಗೆ ಬೀಳದು.

ಬ್ಯಾಕ್ಟೀರಿಯಾಕ್ಕೆ ಕಲ್ಚರ್ ಇದೆ. ಸಂಗ್ರಹವಾಗಿ 36ರಿಂದ 48 ಗಂಟೆ ಕಳೆದ ಮೇಲೆ ಸುಮಾರು 16 ಮಿಲಿ ಲೀಟರ್ ತೆಗೆದು ಎರಡು ಬಾಟಲಿಗೆ ಹಾಕಿ, 12 ಗಂಟೆ ಕಾದು, ಬೆಳವಣಿಗೆ ಕಾಣದಿದ್ದರೆ ಚೀಲ ಬಿಡುವುದು ಈಗಿನ ಒಳ್ಳೆಯ ಕ್ರಮ. 250 ಮಿಲಿ ಲೀಟರಿನ ಎಸ್‌ಡಿಪಿಗೆ ಇದು ಹೊಂದುತ್ತದೆ. 50–70 ಮಿಲಿ ಲೀಟರಿನ ಆರ್‌ಡಿಪಿಯಿಂದ (ಒಬ್ಬ ದಾನಿಯ ಒಂದು ಚೀಲ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್) 16 ತೆಗೆದರೆ ರೋಗಿಗೆ ಕೊಡಲು ಏನು ಉಳಿಯಿತು? ಮೂರನೆಯ ದಿನದವರೆಗೆ ತಡೆಹಿಡಿಯುವುದೂ ಡೆಂಗಿ ಕಾಲದಲ್ಲಿ ಆಗದ ಮಾತು. ಬೆಳಕಿಗೆ ಇಲ್ಲಿ ನೇರ ಗೆಲುವು: ಮಾದರಿ ತೆಗೆಯುವ ನಷ್ಟವಿಲ್ಲ, ಫಲಿತಾಂಶಕ್ಕೆ ಕಾಯುವುದಿಲ್ಲ.

ಬೆಳಕಿಗೆ ಇನ್ನೂ ಒಂದು ಲಾಭವಿದೆ. ರೋಗಿಯ ಮೈಯ ಮೇಲೇ ತಿರುಗಿಬೀಳಬಲ್ಲ ದಾನಿಯ ಟಿ ಕಣಗಳೂ (ಒಂದು ಬಗೆಯ ಬಿಳಿ ಕಣ) ಇದರಲ್ಲಿ ಕೆಲಸ ಕಳೆದುಕೊಳ್ಳುತ್ತವೆ. ಕಸಿ ಮಾಡಿಸಿಕೊಂಡವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಕೊಡುವ ಪ್ಲೇಟ್‌ಲೆಟ್ಟಿಗೆ 25 ಗ್ರೇ ಗಾಮಾ ಕಿರಣ ಕೊಡುವುದರ ಬದಲು ಅಮೋಟೊಸಾಲೆನ್ ಸಂಸ್ಕರಣೆಯೇ ಸಾಕು ಎಂದು ಹಲವು ದೇಶಗಳು ಒಪ್ಪಿವೆ. ಗಾಮಾ ಇರ್ರೇಡಿಯೇಟರ್ ಇಲ್ಲದ ಕೇಂದ್ರಕ್ಕೆ ಇದು ಸಣ್ಣ ಮಾತಲ್ಲ.

ಆರ್‌ಡಿಪಿ ಎಂಬ ಗಂಟು

ಹೊರದೇಶದ ಹೋಲಿಕೆಗಳನ್ನು ಓದಿ ನಿರ್ಧಾರ ಮಾಡುವವರು ಎಡವುವುದು ಇಲ್ಲಿ. ಅಲ್ಲಿ ಎಸ್‌ಡಿಪಿ, ಇಲ್ಲವೇ ನಾಲ್ಕೈದು ದಾನಿಗಳ ಬಫಿ ಕೋಟ್ (ಕೆಂಪು ಕಣ, ಪ್ಲಾಸ್ಮಾಗಳ ನಡುವೆ ನಿಲ್ಲುವ ಪ್ಲೇಟ್‌ಲೆಟ್ ಇರುವ ಪದರ) ಸೇರಿಸಿದ ದೊಡ್ಡ ಚೀಲ. ಕಿಟ್ಟುಗಳನ್ನು ಆ ಅಳತೆಗೇ ಮಾಡಿದ್ದಾರೆ. ನಮ್ಮ ಶಿಬಿರದ ರಕ್ತದಿಂದ ಬರುವುದು ಒಂಟಿ ಆರ್‌ಡಿಪಿ. 450 ಮಿಲಿ ಲೀಟರ್ ರಕ್ತದಿಂದ ಸುಮಾರು 4,500 ಕೋಟಿ ಪ್ಲೇಟ್‌ಲೆಟ್. ಎಸ್‌ಡಿಪಿಯಲ್ಲಿ 30,000 ಕೋಟಿ ಇರಬೇಕು. ಒಂಟಿ ಆರ್‌ಡಿಪಿಯನ್ನು ಕಿಟ್ಟಿಗೆ ಹಾಕುವಂತಿಲ್ಲ: ಪರಿಮಾಣ ಕಡಿಮೆ, ಬೆಳಕಿನ ಲೆಕ್ಕ ತಪ್ಪುತ್ತದೆ. ಐದಾರನ್ನು ಸೇರಿಸಬೇಕು. ಮುಚ್ಚಿದ ವ್ಯವಸ್ಥೆಯಲ್ಲಿ ಸೇರಿಸಲು ಸ್ಟೆರೈಲ್ ಕನೆಕ್ಟಿಂಗ್ ಡಿವೈಸ್ ಬೇಕು. ತೆರೆದು ಸೇರಿಸಿದರೆ ಚೀಲದ ಆಯುಷ್ಯ ಐದು ದಿನದಿಂದ ಕೆಲವೇ ಗಂಟೆಗೆ ಇಳಿಯುತ್ತದೆ, ಹೊಸ ಬ್ಯಾಕ್ಟೀರಿಯಾಕ್ಕೂ ಬಾಗಿಲು ತೆರೆಯುತ್ತದೆ. ಅಂದರೆ ಯಂತ್ರದ ಜೊತೆ ಬೆಸೆಯುವ ಯಂತ್ರ, ಸೇರಿಸುವ ಸೆಟ್, ಸೇರ್ಪಡೆ ದ್ರಾವಣ, ತರಬೇತಾದ ಟೆಕ್ನಿಷಿಯನ್ ಎಲ್ಲವೂ ಬಂದು ಕೂರುತ್ತವೆ. ಆರ್‌ಡಿಪಿ ಒಂದಕ್ಕೆ ಕೆಲವು ನೂರು ರೂಪಾಯಿ ಸಂಸ್ಕರಣಾ ಶುಲ್ಕ ಪಡೆಯುವ ವ್ಯವಸ್ಥೆಯಲ್ಲಿ, ಒಮ್ಮೆ ಬಳಸಿ ಬಿಸಾಡುವ ಕಿಟ್ಟಿನ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲಷ್ಟೇ ಟೆಂಡರ್ ಕರೆಯಬೇಕು.

ಖರ್ಚಿನ ಇನ್ನೊಂದು ಬಾಬ್ತು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಟ್ಯೂಬಿನಲ್ಲಿ, ಬ್ಯಾಗಿನ ಗೋಡೆಯಲ್ಲಿ ಶೇ 5ರಿಂದ 10ರಷ್ಟು ಪ್ಲೇಟ್‌ಲೆಟ್ ನಷ್ಟವಾಗುತ್ತದೆ. ಉಳಿದವೂ ರೋಗಿಯ ಮೈಯಲ್ಲಿ ಸ್ವಲ್ಪ ಬೇಗ ಸವೆಯುತ್ತವೆ. ಅಮೆರಿಕದಲ್ಲಿ 645 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಮೋಟೊಸಾಲೆನ್ ಪರೀಕ್ಷೆಯಲ್ಲಿ ರಕ್ತಸ್ರಾವ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ, ಶೇ 58.5 ಮತ್ತು ಶೇ 57.5. ಆದರೆ ಸಂಸ್ಕರಿಸಿದ ಗುಂಪಿನ ಒಬ್ಬೊಬ್ಬರಿಗೆ ಸರಾಸರಿ 8.4 ಬಾರಿ ಪ್ಲೇಟ್‌ಲೆಟ್ ಕೊಡಬೇಕಾಯಿತು, ಇನ್ನೊಂದು ಗುಂಪಿಗೆ 6.2 ಬಾರಿ. ರಕ್ಷಣೆ ಸಿಗುತ್ತದೆ, ದಾನಿಗಳು ಹೆಚ್ಚು ಬೇಕಾಗುತ್ತಾರೆ. 30,000 ಕೋಟಿ ಕೊಡಬೇಕೆಂದರೆ ಯಂತ್ರಕ್ಕೆ ಹಾಕುವಾಗ 33,000 ಕೋಟಿಗಿಂತ ಹೆಚ್ಚಿರಲಿ.

ಯಾರಿಗೆ ಯಾವುದು

ಕ್ಯಾನ್ಸರ್, ರಕ್ತರೋಗ ವಿಭಾಗ ಇರುವ, ವರ್ಷವಿಡೀ ಎಸ್‌ಡಿಪಿ ತೆಗೆಯುವ ಮೈಸೂರಿನ ದೊಡ್ಡ ಆಸ್ಪತ್ರೆಯ ಕೇಂದ್ರಕ್ಕೆ ಅಮೋಟೊಸಾಲೆನ್ ವಿಧಾನವೇ ನಮ್ಮ ಆಯ್ಕೆ. ಕೀಮೋ ಪಡೆಯುವವರಿಗೆ ವಾರಕ್ಕೆ ಎರಡು ಮೂರು ಬಾರಿ ಪ್ಲೇಟ್‌ಲೆಟ್ ಹೋಗುತ್ತದೆ. ಅವರ ಮೈಯಲ್ಲಿ ಸೋಂಕು ತಡೆಯುವ ಬಿಳಿ ಕಣವೂ ಇರುವುದಿಲ್ಲ. ಒಂದು ಕೆಟ್ಟ ಚೀಲ ಅವರ ಜೀವವನ್ನೇ ತೆಗೆದೀತು. ಎಸ್‌ಡಿಪಿ ಕಿಟ್ಟಿನ ಅಳತೆಗೆ ನೇರ ಹೊಂದುತ್ತದೆ, ಸೇರಿಸುವ ರಗಳೆ ಇಲ್ಲ.

ಎಸ್‌ಡಿಪಿ ಇದ್ದು, ಅಂದಂದೇ ಕೊಡಬೇಕಾದ ಒತ್ತಡ ಜಾಸ್ತಿ, ಸೇರ್ಪಡೆ ದ್ರಾವಣದ ಪೂರೈಕೆ ನಂಬುವಂತಿಲ್ಲ ಎನ್ನುವವರು ರೈಬೋಫ್ಲೇವಿನ್ ವಿಧಾನವನ್ನು ಪರಿಶೀಲಿಸಬಹುದು. ಆದರೆ ಯಂತ್ರ ನಿಂತಲ್ಲಿ, ಕಿಟ್ ನಿಂತಲ್ಲಿ ಯೋಜನೆಯೇ ನಿಲ್ಲುತ್ತದೆ. ಕನಿಷ್ಠ ಐದು ವರ್ಷ ಕಿಟ್, ದೀಪ, ಬಿಡಿಭಾಗ ಕೊಡುತ್ತೇವೆಂಬ ಬರಹ ಕೈಗೆ ಬಾರದೆ ಮುಂದುವರಿಯಬೇಡಿ.

ಮಂಡ್ಯದ ಜಿಲ್ಲಾ ಮಟ್ಟದ ಕೇಂದ್ರಕ್ಕೆ, ತಾಲ್ಲೂಕುಗಳಿಗೆ ರಕ್ತ ಒದಗಿಸುವ ಚಿಕ್ಕ ಕೇಂದ್ರಗಳಿಗೆ ನಮ್ಮ ಸಲಹೆ: ಯಂತ್ರ ಬೇಡ. ಡೈವರ್ಷನ್ ಪೌಚ್, ಚರ್ಮ ಒರೆಸುವ ಶಿಸ್ತು, ನ್ಯಾಟ್ ಈ ಕ್ರಮದಲ್ಲಿ ಹಣ ಹಾಕಿ. ಸಂಸ್ಕರಿಸಿದ ಎಸ್‌ಡಿಪಿ ಬೇಕಾದ ರೋಗಿಗೆ ಮೈಸೂರಿನಿಂದ ತರಿಸಿ, ದಾರಿ 45 ಕಿಲೋಮೀಟರ್ ಆಸುಪಾಸು. ಪ್ಲೇಟ್‌ಲೆಟ್ ತರುವ ಡಬ್ಬಿಗೆ ಐಸ್ ಇಡಬಾರದು. 20ರಿಂದ 24 ಡಿಗ್ರಿ ಹಿಡಿಯುವ ಜೆಲ್ ಪ್ಯಾಕ್ ಇರಲಿ. ಒಂದೆರಡು ಗಂಟೆ ಅಲುಗದಿದ್ದರೆ ಕೆಡುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಅರ್ಧ ಗಂಟೆ ಬಿಟ್ಟರೆ ಕೆಡುತ್ತದೆ.

ಎಲ್ಲರಿಗೂ ಒಂದು ಮಾತು. ರಕ್ತಸ್ರಾವ ಇಲ್ಲದ ಡೆಂಗಿ ರೋಗಿಗೆ ಎಣಿಕೆ 10,000ಕ್ಕಿಂತ ಮೇಲಿದ್ದರೆ ಮುನ್ನೆಚ್ಚರಿಕೆಗೆಂದು ಪ್ಲೇಟ್‌ಲೆಟ್ ಸಾಮಾನ್ಯವಾಗಿ ಬೇಕಿಲ್ಲ. 40,000 ಎಂದು ಗಾಬರಿಯಿಂದ ಏರಿಸುವ ಚೀಲದ ಅಪಾಯವನ್ನು ಯಾವ ಬೆಳಕೂ ಪೂರ್ತಿ ತೆಗೆಯದು. ಏರಿಸದಿದ್ದರೆ ಆ ಅಪಾಯವೇ ಇಲ್ಲ. ಮನೆಯವರಿಗೆ ಇದನ್ನು ಕೂರಿಸಿ ತಿಳಿಸಿಹೇಳುವ ಹತ್ತು ನಿಮಿಷ ವ್ಯರ್ಥವಲ್ಲ.

ಕೊಂಡ ಮೇಲೆ ಎಲ್ಲಿ ಕೆಡುತ್ತದೆ

ಮೊದಲ ಶತ್ರು ಕೆಂಪು ಕಣ. ಅಮೋಟೊಸಾಲೆನ್ ವಿಧಾನಕ್ಕೆ ಮಿಲಿ ಲೀಟರಿಗೆ 40 ಲಕ್ಷಕ್ಕಿಂತ ಹೆಚ್ಚು ಕೆಂಪು ಕಣ ಇರಬಾರದು; ಅವು ಬೆಳಕು ಕುಡಿದುಬಿಡುತ್ತವೆ, ಚೀಲ ಬೆಳಗಿದಂತೆ ಕಂಡರೂ ಒಳಗಿನ ವೈರಸ್ ಉಳಿಯುತ್ತದೆ. ಯಂತ್ರಕ್ಕೆ ಇಡುವ ಮುನ್ನ ಚೀಲವನ್ನು ಬಿಳಿ ಕಾಗದದ ಮುಂದೆ ಹಿಡಿದು ನೋಡಿ. ಒಳ್ಳೆಯ ಪ್ಲೇಟ್‌ಲೆಟ್ ತಿಳಿ ಹುಲ್ಲಿನ ಬಣ್ಣ. ಮೆಲ್ಲಗೆ ತಿರುಗಿಸಿದರೆ ಒಳಗೆ ಹೊಗೆ ಸುತ್ತಿದಂತೆ ಹೊಳೆಯುವ ಸುಳಿ ಏಳುತ್ತದೆ. ಬರಿಗಣ್ಣಿಗೇ ನಸುಗೆಂಪು ಕಂಡರೆ ಎಣಿಕೆ ಮಾಡಿಸದೆ ಹಾಕಬಾರದು. ಸುಳಿ ಏಳದಿದ್ದರೆ ಪ್ಲೇಟ್‌ಲೆಟ್ ಆಗಲೇ ದುಂಡಗಾಗಿ ಸೊರಗಿದೆ, ಸಂಸ್ಕರಿಸಿ ಪ್ರಯೋಜನವಿಲ್ಲ.

ಎರಡನೆಯದು ಟ್ಯೂಬಿನಲ್ಲಿ ಉಳಿದ ಹನಿ. ಬೆಳಕು ಬೀಳುವುದು ಚಪ್ಪಟೆ ಬ್ಯಾಗಿನ ಮೇಲೆ. ಬಾಯಿಯ ಬಳಿಯ ಟ್ಯೂಬಿನಲ್ಲಿ ಸಂಸ್ಕರಿಸದ ದ್ರವ ನಿಂತಿದ್ದು, ಆಮೇಲೆ ಅದು ಚೀಲಕ್ಕೆ ಇಳಿದರೆ, ಅದರಲ್ಲಿನ ಬ್ಯಾಕ್ಟೀರಿಯಾ ಮತ್ತೆ ಐದು ದಿನ ಬೆಳೆಯುತ್ತದೆ. ಸೀಲನ್ನು ಬ್ಯಾಗಿಗೆ ತೀರ ಹತ್ತಿರ ಹಾಕಬೇಕು.

ಮೂರನೆಯದು ಸೋರಿಕೆ. ಅಮೆರಿಕದಲ್ಲಿ 2018ರಲ್ಲಿ ಅಸಿನೆಟೋಬ್ಯಾಕ್ಟರ್ ಇದ್ದ ಪ್ಲೇಟ್‌ಲೆಟ್ಟಿನಿಂದ ರೋಗಿಗಳಿಗೆ ನಂಜೇರಿದ ಪ್ರಕರಣಗಳಲ್ಲಿ ಸಂಸ್ಕರಿಸಿದ ಚೀಲವೂ ಇತ್ತು. ಬೆಳಕು ಕಂಡ ಮೇಲೆ ಹೊರಗಿನಿಂದ ಬ್ಯಾಕ್ಟೀರಿಯಾ ಹೊಕ್ಕಿರಬಹುದು ಎಂಬ ಗುಮಾನಿ ಅಲ್ಲಿ ಬಂತು. ಬೆಸುಗೆಯ ಜಾಗವನ್ನು ಬೆರಳಲ್ಲಿ ಒತ್ತಿ, ಒಣ ಟಿಶ್ಯೂ ಇಟ್ಟು ಒದ್ದೆಯಾಗುತ್ತದೆಯೇ ನೋಡಿ. ಅಜಿಟೇಟರಿನ ತಟ್ಟೆಗಳನ್ನು ವಾರಕ್ಕೊಮ್ಮೆಯಾದರೂ ತೊಳೆದು ಒರೆಸಿ.

ಕರೆಂಟು ನಮ್ಮದೇ ತೊಂದರೆ. ಬೆಳಕಿನ ಹಂತದ ನಡುವೆ ಯಂತ್ರ ನಿಂತರೆ ಚೀಲ ಅರೆಬೆಂದ ಅನ್ನದಂತೆ: ಕಂಪನಿಯ ಸೂಚನೆಯಲ್ಲಿ ಹೇಳಿದ ಅವಧಿಯೊಳಗೆ ಮುಂದುವರಿಸಬೇಕು, ಅವಧಿ ಮೀರಿದರೆ ಎಸೆಯಬೇಕು. ‘ಇನ್ನೊಂದು ಸಲ ಹಾಕೋಣ’ ಎಂದು ಮೊದಲಿಂದ ಬೆಳಗಿದರೆ ಪ್ಲೇಟ್‌ಲೆಟ್ ಸುಡುತ್ತದೆ. ಜನರೇಟರ್ ಹತ್ತಿಕೊಳ್ಳುವ ಹತ್ತು ಸೆಕೆಂಡಿಗೂ ಯಂತ್ರ ನಿಲ್ಲದಂತೆ ಅದಕ್ಕೇ ಬೇರೆ ಯುಪಿಎಸ್ ಇರಲಿ. ದೀಪಗಳು ಹಳೆಯದಾದಷ್ಟೂ ಮಂಕಾಗುತ್ತವೆ. ಯಂತ್ರ ಸಮಯ ಹೆಚ್ಚಿಸಿ ಸರಿದೂಗಿಸುತ್ತದೆ. ಪ್ರತಿ ಚೀಲದ ಬೆಳಕಿನ ಸಮಯವನ್ನು ರಿಜಿಸ್ಟರಿನಲ್ಲಿ ಬರೆದಿಟ್ಟರೆ, 4 ನಿಮಿಷ ಮೆಲ್ಲನೆ 5 ಆಗಿ 6 ಆಗುವುದು ಕಣ್ಣಿಗೆ ಕಾಣುತ್ತದೆ, ಇಂಜಿನಿಯರನ್ನು ಯಂತ್ರ ನಿಲ್ಲುವ ಮುಂಚೆಯೇ ಕರೆಸಬಹುದು.

ವಾರ್ಡಿಗೆ ಹೇಳಬೇಕಾದದ್ದೂ ಇದೆ. ಸೋರಾಲೆನ್ ಅಲರ್ಜಿ ಇರುವವರಿಗೆ ಅಮೋಟೊಸಾಲೆನ್ ಚೀಲ ಕೊಡುವಂತಿಲ್ಲ. ಕಾಮಾಲೆಗೆ ಬೆಳಕಿನ ಕೆಳಗೆ ಮಲಗಿಸಿದ ಹಸುಗೂಸಿಗೆ, ಆ ದೀಪದ ಮುಖ್ಯ ಅಲೆಯುದ್ದ 425 ನ್ಯಾನೊಮೀಟರಿಗಿಂತ ಕಡಿಮೆ ಇದ್ದರೆ ಕೊಡುವಂತಿಲ್ಲ. ಚರ್ಮ ಕೆಂಪಾಗಿ ಸುಡಬಹುದು. ಚೆಲುವಾಂಬದಂಥ ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆಗಳಿಗೆ ಚೀಲ ಕಳಿಸುವವರು ಅಲ್ಲಿನ ಪ್ರತಿ ಫೋಟೊಥೆರಪಿ ದೀಪದ ಅಲೆಯುದ್ದವನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಉಸಿರಾಟದ ತೊಂದರೆ ಸೇರಿ ಯಾವುದೇ ಪ್ರತಿಕ್ರಿಯೆ ಕಂಡರೂ 2012ರಿಂದ ನಡೆಯುತ್ತಿರುವ ರಾಷ್ಟ್ರೀಯ ಹಿಮೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ವರದಿ ಹೋಗಲಿ.

ಕೇಂದ್ರದ ಪರವಾನಗಿಗೆ ಹೊಸ ಪ್ರಕ್ರಿಯೆ ಸೇರಿಸಲು ಔಷಧ ನಿಯಂತ್ರಣ ಇಲಾಖೆಯ ಒಪ್ಪಿಗೆ ಲಿಖಿತವಾಗಿ ಬರುವ ತನಕ ಒಂದು ಚೀಲವನ್ನೂ ರೋಗಿಗೆ ಬಿಡಬಾರದು. ಆ ಅವಧಿಯನ್ನು ಅಭ್ಯಾಸಕ್ಕೆ ಬಳಸಿ. ಅವಧಿ ಮುಗಿಯುತ್ತಿರುವ, ಹೇಗೂ ಎಸೆಯಬೇಕಾದ ಚೀಲಗಳಲ್ಲಿ ಬೆಸೆಯುವುದು, ಗಾಳಿ ತೆಗೆಯುವುದು, ಸೀಲ್ ಹಾಕುವುದು ಪ್ರತಿ ಟೆಕ್ನಿಷಿಯನ್ನಿಗೂ ಕೈಗೆ ಕೂರಲಿ. ಆಮೇಲೆ ತಾಜಾ ಎಸ್‌ಡಿಪಿ ಇಪ್ಪತ್ತನ್ನು ಸಂಸ್ಕರಿಸಿ, ಪ್ರತಿಯೊಂದರ ಪರಿಮಾಣ, ಪ್ಲೇಟ್‌ಲೆಟ್ ಎಣಿಕೆ, ಪಿಎಚ್, ಸುಳಿ ಇವನ್ನು ಮೊದಲ ದಿನವೂ ಐದನೆಯ ದಿನವೂ ಬರೆದಿಡಿ. ಎಣಿಕೆ ಶೇ 15ಕ್ಕಿಂತ ಹೆಚ್ಚು ಬಿದ್ದ ಚೀಲ ಕಂಡರೆ ಅದನ್ನು ಮಾಡಿದ ಕೈ, ಕಿಟ್ಟಿನ ಬ್ಯಾಚ್, ಟ್ಯೂಬಿನಲ್ಲಿ ಉಳಿದ ಪ್ರಮಾಣ ಈ ಮೂರನ್ನೂ ಅದೇ ದಿನ ಹುಡುಕಬೇಕು. ವಾರ ಕಳೆದರೆ ಕಾರಣ ಸಿಗುವುದಿಲ್ಲ.